ಸಲಿಕೆ ಬಿಟ್ಟರೂ ಬಿಡದ ಸಲಿಕೆ

ಡಿಸೆಂಬರ್ ಬಂತೆಂದರೆ ತಿಪಟೂರು ಸೀಮೆಯಲ್ಲಿ ಚಳಿ ಅಳೆಯುವ ಕೆಲಸ ಹವಾಮಾನ ಇಲಾಖೆಯದಲ್ಲ, ಬಚ್ಚಲುಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆ ಬಾಟಲಿಯದು. 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೇ ಹೆಪ್ಪುಗಟ್ಟುವಷ್ಟು ನಾಜೂಕು ನಮ್ಮ ಎಣ್ಣೆ. ಬೆಳಗಿನ ಜಾವ ಹದಿನೈದು ಡಿಗ್ರಿಗೆ ಇಳಿದರೆ ಬಾಟಲಿ ತಲೆಕೆಳಗೆ ಮಾಡಿದರೂ ತೊಟ್ಟು ಬೀಳದು. ಅಷ್ಟಕ್ಕೇ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮಂಕಿಟೋಪಿಗಳು ಮೂಡುತ್ತವೆ, ಹುಳಿಯಾರಿನ ಟೀ ಅಂಗಡಿ ಮುಂದೆ ತೆಂಗಿನಗರಿಯ ಬೆಂಕಿ ಏಳುತ್ತದೆ, ಟಿ.ವಿ.ಯವರು ‘ಚಳಿಗೆ ತತ್ತರಿಸಿದ ಜನ’ ಎಂದು ಬೆಂಕಿ ಕಾಯಿಸುತ್ತಿರುವ ಇಬ್ಬರು ಮುದುಕರನ್ನು ತೋರಿಸುತ್ತಾರೆ. ಆ ಮುದುಕರು ಬೇಸಿಗೆಯಲ್ಲೂ ಅಲ್ಲೇ ಕೂತಿರುತ್ತಾರೆ, ಬೆಂಕಿ ಇರುವುದಿಲ್ಲ ಅಷ್ಟೆ.

ಇಂಥ ಘೋರ ಚಳಿಯಲ್ಲಿ ಪಳಗಿದ ನಾಡು ತನ್ನ ಮಕ್ಕಳನ್ನು ಶಿಕಾಗೊಗೆ ಕಳಿಸುತ್ತದೆ. ಅಲ್ಲಿ 1985ರ ಜನವರಿ 20ರಂದು ಉಷ್ಣಾಂಶ ಸೊನ್ನೆಗಿಂತ ಸುಮಾರು 33 ಡಿಗ್ರಿ ಕೆಳಗೆ ಹೋಗಿತ್ತು. 2019ರ ಜನವರಿ ಕೊನೆಯಲ್ಲಿ ಮತ್ತೆ 30 ಡಿಗ್ರಿ ಕೆಳಗೆ. ವರ್ಷಕ್ಕೆ ಸರಾಸರಿ ಮೂರಡಿ ಹಿಮ ಬೀಳುತ್ತದೆ. ನಮ್ಮ ಕೆಲವು ಕೆರೆಗಳಲ್ಲಿ ಅಷ್ಟು ನೀರು ನಿಂತರೆ ಬಾಗಿನ ಬಿಡುತ್ತೇವೆ.

ಆ ಮಕ್ಕಳು ಅಲ್ಲಿಗೆ ಹೋದದ್ದೇಕೆ ಎಂದು ನೆನಪಿಸಿಕೊಳ್ಳಬೇಕು. ಕಲ್ಪತರು ನಾಡಿನ ತೋಟದ ಮನೆಗಳಲ್ಲಿ ಗಂಡು ಹುಟ್ಟಿದ ದಿನವೇ ಒಂದು ಸಂಕಲ್ಪವಾಗುತ್ತದೆ: ಇವನು ಸಲಿಕೆ ಹಿಡಿಯಬಾರದು. ತಾತ ಕೆರೆಯ ಗೋಡು ಹೊತ್ತ, ಅಪ್ಪ ಗಾಡಿಯಲ್ಲಿ ಗೋಡು ಹೊಡೆಸಿ ಮರದ ಬುಡಕ್ಕೆ ಹಾಕಿದ. ಮೊಮ್ಮಗ ಕೀಲಿಮಣೆ ಕುಟ್ಟಬೇಕು. ಅದಕ್ಕಾಗಿ ಅಟ್ಟದ ಕೊಬ್ಬರಿ ಇಳಿಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಉಂಡೆ ಕೊಬ್ಬರಿ ದಿಢೀರ್ ಆಗುವ ವಸ್ತುವಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹೆಚ್ಚೂಕಮ್ಮಿ ಒಂದು ವರ್ಷ ಸುಮ್ಮನೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಿಟಕ್ ಗಿಟಕ್ ಎನ್ನಬೇಕು. ಮಗನೂ ಹಾಗೇ ನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿನ ಅಟ್ಟದಲ್ಲಿ ಒಣಗಿದ. ಅಲ್ಲಾಡಿಸಿ ನೋಡಿದಾಗ ಚಿಪ್ಪಿನಿಂದ ಪೂರ್ತಿ ಬಿಟ್ಟುಕೊಂಡಿದ್ದಾನೆಂದು ಖಾತ್ರಿಯಾದ ಮೇಲೆ ಕಂಪನಿಯವರು ಎತ್ತಿಕೊಂಡು ಹೋದರು. ವೀಸಾ ಲಾಟರಿ ಹತ್ತೀತೇ ಎಂದು ದಸರೀಘಟ್ಟದ ಚೌಡೇಶ್ವರಿಯನ್ನು ಕೇಳಿದ್ದೂ ಆಯಿತು. ತಾಯಿ ಬರೆದೇ ಅಪ್ಪಣೆ ಕೊಡುವವಳು. ‘ಆಗುತ್ತದೆ’ ಎಂದು ಬರೆದಳು. ಹಿಮದ ವಿಷಯ ಯಾರೂ ಕೇಳಲಿಲ್ಲ. ಕೇಳದ್ದನ್ನು ದೇವರು ಯಾಕೆ ಬರೆಯುತ್ತಾಳೆ?

ನೊಣವಿನಕೆರೆ ಕಡೆಯ ಯಜಮಾನರೊಬ್ಬರು ಸೊಸೆಯ ಬಾಣಂತನದ ದೆಸೆಯಿಂದ ಜನವರಿಯಲ್ಲಿ ಅಲ್ಲಿಗೆ ಹೋಗಬೇಕಾಯಿತು. ಬುದ್ಧಿ ಇರುವ ಕನ್ನಡ ತಂದೆತಾಯಿಯರು ಮೇ ತಿಂಗಳಲ್ಲಿ ಹೋಗಿ, ನಯಾಗರದ ಮುಂದೆ ಫೋಟೋ ತೆಗೆಸಿಕೊಂಡು, ಅಕ್ಟೋಬರಿಗೆ ಮುಂಚೆ ವಾಪಸಾಗುತ್ತಾರೆ. ಮೊಮ್ಮಕ್ಕಳು ಮಾತ್ರ ವೀಸಾ ಕ್ಯಾಲೆಂಡರು ನೋಡಿ ಹುಟ್ಟುವುದಿಲ್ಲ. ಯಜಮಾನತಿ ಸೂಟ್‌ಕೇಸಿನಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆಂದು ಸಣ್ಣಗೆ ಹೆಚ್ಚಿದ ಕೊಬ್ಬರಿ ತುಂಬಿದರು, ಮಗುವಿಗೆ ಎಣ್ಣೆಸ್ನಾನಕ್ಕೆಂದು ಕೊಬ್ಬರಿ ಎಣ್ಣೆ ತುಂಬಿದರು. ಯಜಮಾನರು ತಮ್ಮ ಪಂಚೆ ತುಂಬಿದರು.

ಹೋದ ಮಾರನೆಯ ಬೆಳಿಗ್ಗೆ ಇನ್ನೂ ಕತ್ತಲು. ಕಿಟಕಿಯಾಚೆ ಯಾರೋ ಕರ್ರಗೆ ಗುಂಡಗೆ ಕಾಣುವ ಕೂಲಿಯಾಳು ಸಲಿಕೆ ಹಿಡಿದು ಏನನ್ನೋ ಎತ್ತೆತ್ತಿ ಹಾಕುತ್ತಿದ್ದಾನೆ. ಪಾಪ, ಇಷ್ಟು ಹೊತ್ತಿಗೇ ಕೆಲಸಕ್ಕೆ ಬಂದಿದ್ದಾನೆ, ಒಂದು ಲೋಟ ಕಾಫಿಯಾದರೂ ಕೊಡೋಣವೆಂದು ಬಾಗಿಲು ತೆರೆದರೆ ಆ ಕೂಲಿಯಾಳು, “ಅಪ್ಪಾ, ಬಾಗ್ಲು ಹಾಕ್ಕೊಳ್ಳಿ, ಹೀಟು ಹೋಗುತ್ತೆ” ಅಂದ.

ಆಮೇಲಿನ ಸಂಭಾಷಣೆಯನ್ನು ಯಜಮಾನರು ಊರಿಗೆ ಬಂದು ಅರಳಿಕಟ್ಟೆಯಲ್ಲಿ ಎಷ್ಟು ಸಲ ಒಪ್ಪಿಸಿದ್ದಾರೆಂದರೆ ಈಗ ನಮಗೆಲ್ಲ ಬಾಯಿಪಾಠ.

“ಈ ಫುಟ್‌ಪಾತು ಯಾರ್ದಪ್ಪಾ?”

“ಸಿಟಿದು.”

“ಮ್ಯಾಲೆ ಬಿದ್ದಿರೋ ಹಿಮ?”

“ದೇವ್ರದ್ದು.”

“ಸಲಿಕೆ?”

“ನಂದು.”

“ಸೊಂಟ?”

ಮಗ ಉತ್ತರ ಕೊಡಲಿಲ್ಲವಂತೆ, ಸೊಂಟ ಹಿಡಿದುಕೊಂಡಿದ್ದನಂತೆ.

ಕಾನೂನು ಇರುವುದು ಹಾಗೆಯೇ. ಶಿಕಾಗೊ ನಗರದಲ್ಲಿ ಮನೆಯ ಮುಂದಿನ ಫುಟ್‌ಪಾತಿನ ಹಿಮವನ್ನು ಮನೆಯವನೇ ತೆಗೆಯಬೇಕು. ಬಿಟ್ಟರೆ 50ರಿಂದ 500 ಡಾಲರ್ ದಂಡ. ತೆಗೆದದ್ದನ್ನು ರಸ್ತೆಗೆ ತಳ್ಳಕೂಡದು. ತಿಪಟೂರಿನಲ್ಲಿ ಅಂಗಡಿಯ ಮುಂದಿನ ಫುಟ್‌ಪಾತನ್ನು ಅಂಗಡಿಯವನೇ ಬಳಸಿಕೊಳ್ಳುವ ಪದ್ಧತಿಯಿದೆ, ಅದನ್ನು ಸ್ವಚ್ಛ ಮಾಡುವುದು ಪೌರಕಾರ್ಮಿಕರ ಪಾಲು. ಫುಟ್‌ಪಾತು ನಗರದ್ದು, ಅದರ ಮೇಲಿನ ಪ್ಲಾಸ್ಟಿಕ್ ಕೊಡ, ಚಪ್ಪಲಿ ರಾಶಿ, ಪಾನಿಪುರಿ ಗಾಡಿ ನಮ್ಮದು. ಅಮೆರಿಕ ಈ ಏರ್ಪಾಡನ್ನು ತಿರುಗುಮುರುಗು ಮಾಡಿಕೊಂಡಿದೆ. ಅಷ್ಟು ಮುಂದುವರಿದ ದೇಶಕ್ಕೆ ಇದನ್ನು ಯಾರೂ ಹೇಳಿಕೊಡಲಿಲ್ಲವಲ್ಲ ಎಂಬುದು ಯಜಮಾನರ ಬೇಸರ.

ಮಗ ಸಲಿಕೆ ಹಿಡಿಯುವ ರೀತಿ ಅವರ ಕಣ್ಣಿಗೆ ಇನ್ನೂ ದೊಡ್ಡ ಅವಮಾನ. ಕಾಲು ಅಗಲಿಸಿಲ್ಲ, ಮಂಡಿ ಬಗ್ಗಿಸಿಲ್ಲ, ಸಲಿಕೆಯ ಕಾವನ್ನು ತುದಿಗೆ ಹಿಡಿದು ಭಾರವನ್ನೆಲ್ಲ ಬೆನ್ನಿಗೆ ಕೊಡುತ್ತಾನೆ. ನಡುವಯಸ್ಸು ದಾಟಿದವರು ಹೀಗೆ ಹಿಮ ಎತ್ತಲು ಹೋಗಿ ಎದೆ ಹಿಡಿದುಕೊಳ್ಳುವುದುಂಟೆಂದು ಅಲ್ಲಿನ ಹೃದಯವೈದ್ಯರು ಚಳಿಗಾಲಕ್ಕೊಮ್ಮೆ ಎಚ್ಚರಿಸುತ್ತಾರೆ. ಯಜಮಾನರ ವೈದ್ಯಕೀಯ ಅಭಿಪ್ರಾಯವೂ ಅದೇ: “ಒಂದು ವರ್ಷ ಗೋಡು ಹೊಡ್ದಿದ್ರೆ ಈ ಗತಿ ಬತ್ತಿರ್ಲಿಲ್ಲ ಕಣ್ಲಾ. ಕೊಡಿಲ್ಲಿ.” ಮಗ ಕೊಡಲಿಲ್ಲ. ಕೊಡದಿದ್ದಕ್ಕೆ ಕಾರಣ ಪಿತೃಭಕ್ತಿಯಲ್ಲ. ಅಪ್ಪನ ಟೂರಿಸ್ಟ್ ಇನ್ಶೂರೆನ್ಸು ಮಂಜುಗಡ್ಡೆಯ ಮೇಲೆ ಜಾರಿ ಬೀಳುವುದನ್ನು ಎಷ್ಟರಮಟ್ಟಿಗೆ ಒಪ್ಪುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆ ದೇಶದಲ್ಲಿ ಬಿದ್ದಾಗ ಒಂದು ಮೂಳೆ ಮುರಿಯುತ್ತದೆ, ಬಿಲ್ಲು ಬಂದಾಗ ಉಳಿದವು.

ಎರಡು ಗಂಟೆ ಹೆಣಗಾಡಿ ಕಾರು ಹೊರಬರುವಷ್ಟು ದಾರಿ ಮಾಡಿ ಒಳಗೆ ಬಂದು ಕಾಫಿ ಹೀರುವ ಹೊತ್ತಿಗೆ ನಗರದ ಹಿಮ ತಳ್ಳುವ ಲಾರಿ ಬಂತು. ರಸ್ತೆಯ ನಡುವಿನ ಹಿಮವನ್ನೆಲ್ಲ ಅಂಚಿಗೆ ತಳ್ಳಿಕೊಂಡು ಹೋಯಿತು. ಅಂಚೆಂದರೆ ಈಗ ತಾನೇ ತೆರವು ಮಾಡಿದ ದಾರಿಯ ಬಾಯಿ. ಅಲ್ಲಿ ಮೊಳಕಾಲುದ್ದ ಕಗ್ಗಲ್ಲಿನಂಥ ಗೋಡೆ ಎದ್ದಿತು. ಮಗ ಕಿಟಕಿಗೆ ಹಣೆ ಒತ್ತಿ ನಿಂತ. ಯಜಮಾನರ ಮುಖದಲ್ಲಿ ಮಾತ್ರ ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ ನಗು ಮೂಡಿತು. ನಮ್ಮ ಕಡೆ ಮಳೆಗಾಲದ ಮುಂಚೆ ಚರಂಡಿಯ ಹೂಳೆತ್ತಿ ಚರಂಡಿಯ ದಡದ ಮೇಲೇ ಗುಡ್ಡೆ ಹಾಕಿ ಹೋಗುವುದಿಲ್ಲವೆ? ಮೊದಲ ಮಳೆಗೆ ಅದು ಮರಳಿ ಚರಂಡಿಗೇ ಇಳಿಯುವುದಿಲ್ಲವೆ? ಹದಿಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಬಂದರೂ ಪರಿಚಯದವರೊಬ್ಬರು ಸಿಕ್ಕಿದರಲ್ಲ ಎಂದು ಅವರಿಗೆ ಜೀವ ಬಂತು.

ಪರಿಚಿತರು ಇನ್ನೂ ಇದ್ದರು. ಒಂದು ಬೀದಿಯಲ್ಲಿ ರಸ್ತೆಯ ಮೇಲೆ, ಹಿಮ ತೆಗೆದು ಮಾಡಿದ ಕಾರಿನ ಜಾಗದಲ್ಲಿ, ಹಳೆಯ ಅಡುಗೆಮನೆ ಕುರ್ಚಿಗಳನ್ನಿಟ್ಟಿದ್ದರು. ಮತ್ತೊಂದು ಕಡೆ ಇಸ್ತ್ರಿ ಮೇಜು, ಮುರಿದ ತೊಟ್ಟಿಲು. ಶಿಕಾಗೊದಲ್ಲಿ ಇದಕ್ಕೆ ‘ಡಿಬ್ಸ್’ ಅನ್ನುತ್ತಾರೆ. ಜಾಗ ನಾನು ಬಗೆದದ್ದು, ನಾನು ಬರುವವರೆಗೆ ಬೇರೆಯವರು ಕಾರು ನಿಲ್ಲಿಸಕೂಡದು ಎಂದು ಅರ್ಥ. ಕಾನೂನಿನಲ್ಲಿ ಇದಕ್ಕೆ ಮಾನ್ಯತೆ ಇಲ್ಲ. ಆದರೂ ಕುರ್ಚಿ ಸರಿಸಿ ಕಾರು ನಿಲ್ಲಿಸುವ ಧೈರ್ಯ ಮಾಡುವವರು ಕಡಿಮೆ. ಮಾಡಿದವರ ಗಾಜು, ಗಾಳಿ ಎರಡೂ ಉಳಿಯುತ್ತವೆಂಬ ಭರವಸೆ ಇಲ್ಲ. ಬಾಸ್ಟನ್ನಿನಲ್ಲಿ ಇದನ್ನು ನಗರಾಡಳಿತವೇ ಅರ್ಧ ಒಪ್ಪಿಕೊಂಡು, ಹಿಮದ ತುರ್ತುಸ್ಥಿತಿ ಮುಗಿದ 48 ಗಂಟೆಯವರೆಗೆ ಕುರ್ಚಿ ಇಟ್ಟುಕೊಳ್ಳಿ ಅನ್ನುತ್ತದೆ. ಇದೆಲ್ಲ ಕೇಳಿ ಯಜಮಾನರು ಕೇಳಿದ್ದು ಒಂದೇ: “ಟವಲ್ಲು ಸಾಲಲ್ವಾ?” ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವಲು ತೂರಿಸಿ ಮೂರು ಸೀಟು ಹಿಡಿದ ಕೈ ಅದು. ಗೊಬ್ಬರದಂಗಡಿ ಮುಂದೆ ತಮ್ಮ ಬದಲು ಚಪ್ಪಲಿಯನ್ನು ಸಾಲಿನಲ್ಲಿ ನಿಲ್ಲಿಸಿ ಮನೆಗೆ ಹೋಗಿ ಊಟ ಮುಗಿಸಿ ಬಂದ ಕಾಲು. ಅಮೆರಿಕದವರು ಇಷ್ಟಕ್ಕೆಲ್ಲ ಪೀಠೋಪಕರಣ ಹಾಳು ಮಾಡಿಕೊಳ್ಳುತ್ತಾರೆ.

ರಾತ್ರಿ ಮಗ ಹೇಳಿದ ಕಥೆಯಿಂದ ಮಾತ್ರ ಅವರಿಗೆ ನಿದ್ದೆ ಬರಲಿಲ್ಲ. 1979ರ ಜನವರಿಯಲ್ಲಿ ಶಿಕಾಗೊದ ಮೇಲೆ ಎರಡು ದಿನ ಹಿಮ ಸುರಿದು ಊರು ಹೂತುಹೋಯಿತು. ಆಗ ಮೇಯರ್ ಆಗಿದ್ದವರು ಮೈಕೆಲ್ ಬಿಲಾಂಡಿಕ್. ರಸ್ತೆ ತೆರವಾಗಿದೆ, ಎಲ್ಲ ಸರಿಯಿದೆ ಎಂದು ಅವರು ಹೇಳುತ್ತಲೇ ಇದ್ದರು. ಜನ ಮನೆಯಿಂದ ಹೊರಬರಲಾಗದೆ ಟಿ.ವಿ.ಯಲ್ಲಿ ಅದನ್ನು ನೋಡುತ್ತಲೇ ಇದ್ದರು. ನಗರದ ರೈಲುಗಳು ಕರಿಯರ ಬಡಾವಣೆಗಳ ನಿಲ್ದಾಣಗಳಲ್ಲಿ ನಿಲ್ಲದೆ ಸಾಗಿದವು. ಅದೇ ಫೆಬ್ರುವರಿ 27ರಂದು ಪಕ್ಷದೊಳಗಿನ ಚುನಾವಣೆ. ಗೆಲುವು ಖಚಿತವೆಂದು ಕೂತಿದ್ದ ಮೇಯರನ್ನು ಜೇನ್ ಬರ್ನ್ ಎಂಬ ಹೆಂಗಸು ಸೋಲಿಸಿದರು, ಮುಂದೆ ಆ ನಗರದ ಮೊದಲ ಮಹಿಳಾ ಮೇಯರ್ ಆದರು. ಅಂದಿನಿಂದ ಅಲ್ಲಿ ಯಾವ ಮೇಯರೂ ಆಕಾಶವನ್ನು ಹಗುರಾಗಿ ನೋಡುವುದಿಲ್ಲ. ಹಿಮ ಇರಲಿ ಬಿಡಲಿ, ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಮುಖ್ಯರಸ್ತೆಗಳಲ್ಲಿ ಬೆಳಗಿನ ಜಾವ ಮೂರರಿಂದ ಏಳರವರೆಗೆ ಕಾರು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎತ್ತಿಕೊಂಡು ಹೋಗುತ್ತಾರೆ. ಟೊರಾಂಟೊದ ಮೇಯರೊಬ್ಬರು 1999ರ ಜನವರಿಯಲ್ಲಿ ಹಿಮ ತೆಗೆಯಲು ಸೈನ್ಯವನ್ನೇ ಕರೆಸಿಬಿಟ್ಟರು, ಕೆನಡಾ ದೇಶವೆಲ್ಲ ಇವತ್ತಿಗೂ ಅದನ್ನು ನೆನೆದು ನಗುತ್ತದೆ. ನಕ್ಕರೂ ಪರವಾಗಿಲ್ಲ, ಕುರ್ಚಿ ಉಳಿದರೆ ಸಾಕು.

“ಒಂದು ಸಲ ಹಿಮ ಎತ್ಲಿಲ್ಲ ಅಂತ ಅಧಿಕಾರ ಹೋಯ್ತಾ?” ಎಂದು ಯಜಮಾನರು ಎದ್ದು ಕೂತರು. “ಅವ್ನು ಎಲೆಕ್ಷನ್ನಿಗೆ ಹಾಕಿದ್ ಬಂಡವಾಳ?” ಇದು ಅಮೆರಿಕದ ಪ್ರಜಾಪ್ರಭುತ್ವದ ಬಗ್ಗೆ ಇದುವರೆಗೆ ಕೇಳಲಾದ ಅತ್ಯಂತ ಪ್ರಾಮಾಣಿಕ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಬೀದಿಯಲ್ಲಿ ಬಿದ್ದದ್ದನ್ನು ಎತ್ತಲಿಲ್ಲವೆಂದು ಸೋಲಿಸುವ ಪದ್ಧತಿ ನಮ್ಮಲ್ಲಿ ಬಂದರೆ ನಾಮಪತ್ರ ಸಲ್ಲಿಸುವವರೇ ಸಿಗುವುದಿಲ್ಲ. ನಮ್ಮ ನಾಯಕರು ಸಲಿಕೆ ಮುಟ್ಟುವುದೇ ಇಲ್ಲ ಎಂದಲ್ಲ. ಗುದ್ದಲಿ ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿದ ಹೊಸ ಗುದ್ದಲಿಯನ್ನು ಎತ್ತಿ, ಕ್ಯಾಮೆರಾ ನೋಡಿ, ಮೃದುವಾಗಿ ಒಮ್ಮೆ ಭೂಮಿಗೆ ತಾಗಿಸುತ್ತಾರೆ. ಕಾಮಗಾರಿಯ ಒಟ್ಟು ಶ್ರಮದಾನ ಅಷ್ಟು. ಶಿಕಾಗೊದವರು ಕೆಲವು ವರ್ಷಗಳಿಂದ ಹಿಮ ತಳ್ಳುವ ಲಾರಿಗಳಿಗೆ ಹೆಸರಿಡಲು ಸ್ಪರ್ಧೆ ಇಡುತ್ತಾರಂತೆ, ಜನ ತಮಾಷೆಯ ಹೆಸರು ಕಳಿಸುತ್ತಾರಂತೆ. ನಮ್ಮಲ್ಲಿ ಲಾರಿಗೆ ಯಾರ ಹೆಸರೆಂಬ ಜಗಳ ಹೈಕೋರ್ಟಿಗೆ ಹೋಗಿ, ತೀರ್ಪು ಬರುವ ಹೊತ್ತಿಗೆ ಹಿಮಯುಗವೇ ಮುಗಿದಿರುತ್ತದೆ. ಅಲ್ಲದೆ ನಮ್ಮ ಜೆಸಿಬಿಗಳಿಗೆ ಬಿಡುವೆಲ್ಲಿದೆ? ಅವು ಮೆರವಣಿಗೆಯಲ್ಲಿ ನಾಯಕರ ತಲೆಯ ಮೇಲೆ ಹೂ ಸುರಿಯಬೇಕು, ಪಕ್ಕದಲ್ಲಿ ಕ್ರೇನು ಕೊಬ್ಬರಿ ಹಾರ ಎತ್ತಿ ಹಿಡಿಯಬೇಕು.

ಆದರೂ ಚಿಕ್ಕನಾಯಕನಹಳ್ಳಿ ಕಡೆ ಒಂದು ರಾತ್ರಿ ಹಿಮ ಬಿದ್ದರೆ ಏನಾದೀತೆಂದು ಯಜಮಾನರು ಅಲ್ಲಿಂದಲೇ ಅಂದಾಜು ಮಾಡಿದ್ದಾರೆ. ಬೆಳಿಗ್ಗೆ ಎಲ್ಲರೂ ಸೆಲ್ಫಿ. ಮಧ್ಯಾಹ್ನದ ಹೊತ್ತಿಗೆ ಹಿಮಪರಿಹಾರ ಕೇಳಿ ಬಿ.ಎಚ್. ರಸ್ತೆ ತಡೆ. ಸಂಜೆ ನೋಂದಣಿಗೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ತರಬೇಕೆಂಬ ಪ್ರಕಟಣೆ. 2024ರಲ್ಲಿ ಬೆಂಬಲ ಬೆಲೆಗೆ ನಾಫೆಡ್‌ಗೆ ಕೊಬ್ಬರಿ ಕೊಡಲು ರಾತ್ರಿಯೇ ಬಂದು ಸಾಲಿನಲ್ಲಿ ಮಲಗಿ ಹೆಸರು ಬರೆಸಿದ್ದು, ಆಮೇಲೆ ಆ ನೋಂದಣಿಯೇ ರದ್ದಾಗಿ ಮತ್ತೆ ಮೊದಲಿಂದ ನಿಂತದ್ದು ಯಾರೂ ಮರೆತಿಲ್ಲ. ಆದ್ದರಿಂದ ಈ ಸಲ ಹಾಸಿಗೆ ಸಮೇತ ಹೋಗುತ್ತಾರೆ. ಹದಿನೈದು ದಿನದ ಮೇಲೆ ಜಂಟಿ ಸಮೀಕ್ಷಾ ತಂಡ ಬಂದು ‘ಸ್ಥಳದಲ್ಲಿ ಹಿಮ ಕಂಡುಬಂದಿಲ್ಲ’ ಎಂದು ಬರೆದುಕೊಂಡು, ಎಳನೀರು ಕುಡಿದು ಹೋಗುತ್ತದೆ. ಯಾರದೋ ಒಬ್ಬರ ಹೆಸರಿಗೆ ನಾಲ್ಕು ಎಕರೆ ಹಿಮ ಮಂಜೂರಾಗಿರುತ್ತದೆ, ಅವರ ಪಹಣಿಯಲ್ಲಿ ಎರಡೇ ಎಕರೆ.

ನಮ್ಮ ನಾಯಕರು ಇದನ್ನೆಲ್ಲ ಅಧ್ಯಯನ ಮಾಡಲು ಅಮೆರಿಕಕ್ಕೆ ಹೋಗುವುದಿಲ್ಲವೇ ಎಂದರೆ ಹೋಗುತ್ತಾರೆ. ಆದರೆ ಅಲ್ಲಿನ ಕನ್ನಡಿಗರ ‘ಅಕ್ಕ’ ಸಮ್ಮೇಳನ ನಡೆಯುವುದು ಆಗಸ್ಟ್ ಕೊನೆಯ ಸುಮಾರಿಗೆ. 2008ರಲ್ಲಿ ಅದು ಶಿಕಾಗೊದಲ್ಲೇ ನಡೆದಿತ್ತು. ಆಗ ಅಲ್ಲಿ ಹುಲ್ಲು ಹಸಿರು, ಸರೋವರ ನೀಲಿ, ಮಂತ್ರಿಗಳು ಬೆವರಿದ್ದರು. ಜನವರಿಯಲ್ಲಿ ಕನ್ನಡದ ಬಗ್ಗೆ ಅಷ್ಟೊಂದು ಅಭಿಮಾನ ಯಾರಿಗೂ ಬರುವುದಿಲ್ಲ. ಜನವರಿಯ ಸಂಕ್ರಾಂತಿ ಅಲ್ಲಿನ ವಿದ್ಯಾರಣ್ಯ ಕನ್ನಡ ಕೂಟದಂಥ ಕೂಟಗಳ ಪಾಡು. ಕಾಲಿಗೆ ಬೂಟು, ಸೀರೆಯ ಮೇಲೆ ಹಾಸಿಗೆಯಷ್ಟು ದಪ್ಪ ಕೋಟು, ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣ. ಒಳ್ಳೆಯ ಮಾತಾಡಲು ಬಾಯಿ ತೆರೆದರೆ ಹೊಗೆ ಬರುತ್ತದೆ.

ಕೊಬ್ಬರಿ ಎಣ್ಣೆಯ ವಿಷಯ ಹೇಳಲೇಬೇಕು. ಮಗ ಮನೆಯ ಹೀಟರನ್ನು ಇಪ್ಪತ್ತು ಡಿಗ್ರಿಗೆ ಇಟ್ಟು, ಬೆಚ್ಚಗಿದೆ ಎಂದು ಟೀಷರ್ಟಿನಲ್ಲಿ ಓಡಾಡುತ್ತಿದ್ದ. ಎಣ್ಣೆ ಮಾತ್ರ ಕಲ್ಲು. “ಎಣ್ಣೆ ಕರಗದ ಮನೆ ಬೆಚ್ಚಗದೆ ಅಂತ ನಿಂಗ್ಯಾರ್ಲಾ ಹೇಳಿದ್ದು?” ಎಂದು ಯಜಮಾನತಿ ಕೇಳಿದ್ದಕ್ಕೆ ಅವನ ಇಂಜಿನಿಯರಿಂಗಿನಲ್ಲಿ ಉತ್ತರವಿರಲಿಲ್ಲ. ಹಸುಗೂಸಿನ ತಲೆಗೆ ಹಾಕುವ ಮುಂಚೆ ದಿನವೂ ಅದನ್ನು ಬಿಸಿನೀರಿನ ಬಟ್ಟಲಲ್ಲಿ ನಿಲ್ಲಿಸಿ ಕರಗಿಸಿದರು. ಯಜಮಾನರ ದುಃಖ ಬೇರೆ ಇತ್ತು. ರಸ್ತೆಗೆ ಲಾರಿಗಟ್ಟಲೆ ಉಪ್ಪು ಸುರಿಯುತ್ತಾರೆ, ಹಿಮ ಕರಗಲೆಂದು. ಕಾರಿನ ತಳವೂ ಅದರ ಜೊತೆ ಕರಗುತ್ತದೆ. ತೆಂಗಿನ ಬುಡಕ್ಕೆ ವರ್ಷಕ್ಕೊಮ್ಮೆ ಬೊಗಸೆ ಲೆಕ್ಕದಲ್ಲಿ ಉಪ್ಪು ಹಾಕಿ ಬೆಳೆಸಿದ ಕೈಗೆ ಅದು ಸಹಿಸಲಾಗದ ದೃಶ್ಯ. ಇಡೀ ಬೀದಿಯಲ್ಲಿ ಒಂದು ತೆಂಗಿನ ಸಸಿ ಇಲ್ಲ, ಯಾರಿಗೆ ಹಾಕುತ್ತಿದ್ದಾರೆ ಇಷ್ಟೊಂದು?

ಕೊನೆಗೆ ಮಗ ಹಿಮ ಊದುವ ಯಂತ್ರವೊಂದನ್ನು ಕೊಳ್ಳುತ್ತೇನೆಂದ. ಎಂಟುನೂರು ಡಾಲರ್. ಯಜಮಾನರು ಡಾಲರನ್ನು ರೂಪಾಯಿಗೆ, ರೂಪಾಯಿಯನ್ನು ಕ್ವಿಂಟಲಿಗೆ ಇಳಿಸಿದರು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆ ಎಂಟು ಸಾವಿರದ ಸುತ್ತ ಮಲಗಿತ್ತು. ಆ ಲೆಕ್ಕಕ್ಕೆ ಯಂತ್ರಕ್ಕೆ ಎಂಟೊಂಬತ್ತು ಕ್ವಿಂಟಲ್. 2025ರಲ್ಲಿ ಬೆಲೆ ಇಪ್ಪತ್ತು ಸಾವಿರ ದಾಟಿತು. ಆ ಲೆಕ್ಕಕ್ಕೆ ನಾಲ್ಕು ಕ್ವಿಂಟಲ್ ಕೂಡ ಬೇಡ. ಆದರೆ ಬೆಲೆ ಬಂದಾಗ ಅಟ್ಟದಲ್ಲಿ ಕಾಯಿ ಇರಲಿಲ್ಲ. ಬಿಳಿನೊಣ, ಕಪ್ಪುತಲೆ ಹುಳು ಗರಿಯನ್ನೆಲ್ಲ ತಿಂದು ಮುಗಿಸಿದ್ದವು. “ಸಬ್ಸಿಡಿ ಅದಾ?” ಎಂದರು. ಇಲ್ಲವೆಂದ. “ಹಂಗಾದ್ರೆ ಸಲಿಕೇನೇ ಇರ್ಲಿ.”

ಸಲಿಕೆ ಅಲ್ಲೂ ಇಲ್ಲೂ ಒಂದೇ, ಮರ್ಯಾದೆ ಮಾತ್ರ ಬೇರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ರೈತರ ಮಕ್ಕಳು ಹೆಣ್ಣು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮ ತೆಂಗಿನ ಸೀಮೆಯವರು ನಡೆದಿಲ್ಲ, ಅಷ್ಟೆ, ಪರಿಸ್ಥಿತಿ ಅದೇ. ಹೆಣ್ಣಿನವರಿಗೆ ತೋಟ ಬೇಕು, ತೋಟದಲ್ಲಿರುವ ಹುಡುಗ ಬೇಡ. ಗೋಡು ಎತ್ತುವವನ ಜಾತಕವನ್ನು ಯಾರೂ ತೆರೆದು ನೋಡರು. ಹಿಮ ಎತ್ತುವವನಿಗೆ ಗುಬ್ಬಿ, ಅರಸೀಕೆರೆ, ತುಮಕೂರು ಎಲ್ಲ ಕಡೆಯಿಂದ ಜಾತಕ ಬರುತ್ತವೆ. ಗೋಡಿನಿಂದ ಮರ ಬದುಕುತ್ತದೆ, ಹಿಮ ಎತ್ತಿದರೆ ನಾಳೆ ಮತ್ತೆ ಹಿಮ; ಆದರೂ ವಧುವಿನ ತಂದೆ ನೋಡುವುದು ಸಲಿಕೆಯ ಮೇಲಿರುವ ಪದಾರ್ಥದ ಬಣ್ಣವನ್ನು.

ಯುಗಾದಿಗೆ ಮುಂಚೆ ಯಜಮಾನರು ವಾಪಸು ಬಂದರು. ತೋಟದಲ್ಲಿ ಕಾಯಿ ಕೀಳುವವರಿಲ್ಲ, ಸುಲಿಯುವವರಿಲ್ಲ, ಕೆರೆ ಒಣಗಿ ಗೋಡು ಬಾಯಿಬಿಟ್ಟು ಬಿದ್ದಿದೆ, ಹೊಡೆಯುವವರಿಲ್ಲ. ಮೊನ್ನೆ ವಿಡಿಯೋ ಕರೆಯಲ್ಲಿ ಮಗ ಭಾವುಕನಾಗಿ, ಏಪ್ರಿಲ್‌ನಲ್ಲೂ ಹಿಮ ಬಿತ್ತೆಂದು, ಸಾಕಾಗಿದೆಯೆಂದು, ಐವತ್ತಾದ ಮೇಲೆ ಊರಿಗೇ ಬಂದು ಸಾವಯವ ಕೃಷಿ ಮಾಡುತ್ತೇನೆಂದು ಹೇಳಿದ. ಯಜಮಾನರು ಅವನ ಕೈಯನ್ನು ಕ್ಯಾಮೆರಾ ಹತ್ತಿರ ಹಿಡಿಯಲು ಹೇಳಿ ಬೊಬ್ಬೆಗಳನ್ನು ಪರೀಕ್ಷಿಸಿದರು.

“ಪರವಾಗಿಲ್ಲ, ಕೈ ಪಳಗೈತೆ. ಐವತ್ತರ ತಂಕ ಯಾಕ್ ಕಾಯ್ತೀಯ, ಈ ಬ್ಯಾಸ್ಗೆಗೇ ಬಾ. ಗೋಡು ಹೊಡ್ಯಾಕೆ ಅನುಭವ ಇರೋರ್ನೇ ಹುಡುಕ್ತಾ ಇದೀನಿ. ದಿನಕ್ಕೆ ಕೂಲಿ ಎಷ್ಟ್ ಕೇಳ್ತೀಯ?”

ನೆಟ್‌ವರ್ಕ್ ತೊಂದರೆಯಿಂದ ಕರೆ ಕಡಿದುಹೋಯಿತೆಂದು ಮಗನಿಂದ ಆಮೇಲೆ ಮೆಸೇಜು ಬಂತು.